ರಜೆ, ರಾಜಿ, ರಾಜೀನಾಮೆ

ಕನ್ನಡ ಶಾಲೆಯಲ್ಲಿ ಓದಿದವರು ಬರೆಯಲು ಕಲಿಯುವ ಮೊದಲ ಅರ್ಜಿ ರಜಾ ಅರ್ಜಿ. ಇಂದ, ಗೆ, ಮಾನ್ಯರೇ, ವಿಷಯ. ಆಮೇಲೆ ಜ್ವರ ಬಂದ ಸುದ್ದಿ. ಅದಾದ ಮೇಲೆ ‘ಎರಡು ದಿನ ರಜೆಯನ್ನು ಮಂಜೂರು ಮಾಡಬೇಕೆಂದು ತಮ್ಮಲ್ಲಿ ಕೇಳಿಕೊಳ್ಳುತ್ತೇನೆ’ ಎಂಬ ಒಂದು ವಾಕ್ಯ, ಕೊನೆಗೆ ‘ಇಂತಿ ತಮ್ಮ ವಿಧೇಯ’. ಎಂಟು ವರ್ಷದ ಹುಡುಗಿ ಕಲಿತ ಈ ಒಕ್ಕಣೆಯನ್ನೇ ಮುಂದೆ ಅವಳು ಗುಮಾಸ್ತೆಯಾಗಿ, ದಾದಿಯಾಗಿ, ಶಿಕ್ಷಕಿಯಾಗಿ ಮಗುವಿನ ಕಾಯಿಲೆಗೆ, ಅತ್ತೆಯ ಕಣ್ಣಿನ ಆಪರೇಷನ್ನಿಗೆ, ತನ್ನದೇ ಹೆರಿಗೆಗೆ ಬರೆಯುತ್ತ ಹೋಗುತ್ತಾಳೆ.

ಆ ಒಕ್ಕಣೆಯಲ್ಲಿ ಅರಬ್ಬಿ ಮೂಲದ ಮೂರು ಮಾತುಗಳಿವೆ: ಅರ್ಜಿ, ರಜೆ, ಮಂಜೂರು. ಮೂರೂ ಫಾರಸಿಯ ಹಾದಿಯಲ್ಲಿ, ದರಬಾರುಗಳ ಮೂಲಕ ನಮ್ಮಲ್ಲಿಗೆ ಬಂದವು. ಅರ್ಜಿ ಎಂದರೆ ದೊಡ್ಡವರ ಮುಂದಿಟ್ಟ ಬಿನ್ನಹ. ಮಂಜೂರು ಎಂದರೆ ಅವರ ಕಣ್ಣಿಗೆ ಬಿದ್ದದ್ದು. ‘ನಜರು’ ಎಂಬ ಮಾತಿನ ಮನೆತನವೇ ಅದರದ್ದು. ರಜೆ ಎಂದರೆ ಅವರ ಒಪ್ಪಿಗೆ. ರಜೆ ಎಂದಕೂಡಲೇ ಇಂದು ನಮಗೆ ನೆನಪಾಗುವುದು ಕೆಲಸವಿಲ್ಲದ ದಿನ. ಆದರೆ ಆ ಪದ ದಿನದ ಹೆಸರಾಗಿ ಹುಟ್ಟಿದ್ದಲ್ಲ, ಒಡೆಯನ ಮನಸ್ಸಿನ ಹೆಸರಾಗಿ ಹುಟ್ಟಿದ್ದು. ದುಡಿಯುವವರ ಮನೆವಾರ್ತೆಯನ್ನು ಗಣನೆಗೆ ತೆಗೆದುಕೊಳ್ಳುವ ಉದ್ಯೋಗ ನೀತಿಗಳ ಇತಿಹಾಸವೆಲ್ಲ ಈ ದಿನವನ್ನು ಆ ಮನಸ್ಸಿನಿಂದ ಬಿಡಿಸಿಕೊಳ್ಳುವ ಇತಿಹಾಸವೆಂದೇ ನನ್ನ ಎಣಿಕೆ.

ಅರಬ್ಬಿಯಲ್ಲಿ ಅದು ‘ರಿದಾ’: ಮೆಚ್ಚುಗೆ, ತೃಪ್ತಿ, ಸಮ್ಮತಿ. ಸೂಫಿಗಳ ಪರಿಭಾಷೆಯಲ್ಲಿ ರಿದಾ ಎಂದರೆ ದೈವದ ಇಚ್ಛೆಗೆ ಮನಸಾರೆ ಒಪ್ಪಿ ನಡೆಯುವ ಎತ್ತರದ ಸ್ಥಿತಿ. 1236ರಿಂದ 1240ರವರೆಗೆ ದೆಹಲಿಯನ್ನಾಳಿದ ರಜಿಯಾಳ ಹೆಸರು ಇದೇ ಧಾತುವಿನದು. ಮುರ್ತಜಾ, ರಜಾ ಎಂಬ ಹೆಸರುಗಳೂ ಅದರವೇ. ಅರಬ್ಬಿಯ ಆ ‘ದ’ಕಾರ ವಿಶೇಷ ಉಚ್ಚಾರದ್ದು, ಫಾರಸಿಯವರ ನಾಲಗೆಗೆ ಒಗ್ಗದೆ ‘ಜ಼’ ಆಯಿತು. ದಖ್ಖನಿಗೆ ಬಂದು ನಮ್ಮ ಬಾಯಲ್ಲಿ ಸಾದಾ ‘ಜ’ ಆಯಿತು. ರಿದಾ ಹೋಗಿ ರಜಾ ಉಳಿಯಿತು. ಸಜಾ ಸಜೆಯಾದಂತೆ, ಹವಾ ಹವೆಯಾದಂತೆ ರಜಾ ಕನ್ನಡದಲ್ಲಿ ರಜೆಯಾಯಿತು. ಹಳೆಯ ಆಕಾರ ಪೂರ್ತಿ ಹೋಗಲಿಲ್ಲ. ಸಮಾಸದಲ್ಲಿ ಅದು ಎದ್ದು ಬರುತ್ತದೆ: ರಜಾ ಅರ್ಜಿ, ರಜಾ ಚೀಟಿ, ರಜಾದಿನ. ಶಾಲೆ ‘ಶಾಲಾ ಮಕ್ಕಳು’ ಆಗುವಂತೆ, ಭಾಷೆ ‘ಭಾಷಾ ನೀತಿ’ ಆಗುವಂತೆ. ಅರಬ್ಬಿಯ ಮಾತಿಗೆ ಸಂಸ್ಕೃತದ ನಡಾವಳಿ ಕಲಿಸಿ ಮನೆಮಗಳನ್ನಾಗಿ ಮಾಡಿಕೊಂಡದ್ದು ಕನ್ನಡದ ಜಾಣ್ಮೆ. ಮೈಸೂರು ಸೀಮೆಯ ಆಡುಮಾತು ಇನ್ನೂ ಮುಂದೆ ಹೋಗಿ ‘ರಜ’ ಎಂದು ಮೊಟಕು ಮಾಡಿಕೊಂಡಿದೆ.

ಈ ಧಾತುವಿನ ಇನ್ನೂ ಕೆಲವು ಮಾತುಗಳು ಕನ್ನಡದಲ್ಲಿ ದಿನಬಳಕೆಯಲ್ಲಿವೆ. ಒಪ್ಪಿಕೊಂಡವನು ‘ರಾಜಿ’. ಒಪ್ಪದವನು ‘ನಾರಾಜು’. ಒಬ್ಬರ ಮನಸ್ಸಿಗೆ ಬಂದದ್ದು ‘ಮರ್ಜಿ’. ಒಪ್ಪಿಗೆಯನ್ನು ಬರೆದುಕೊಟ್ಟ ಕಾಗದ ‘ರಾಜೀನಾಮೆ’. ಪಂಚನಾಮೆ, ಕರಾರುನಾಮೆಗಳ ‘ನಾಮೆ’ಯೇ ಅಲ್ಲಿಯದು. ಒಬ್ಬ ತಾಯಿಗೆ ರಜೆ ಬೇಕಾಗಿದೆ. ಅದು ಮೇಲಿನವರ ಮರ್ಜಿಯಲ್ಲಿದೆ. ಅವರು ನಾರಾಜಾದರೆ ಇವಳು ರಾಜಿಯಾಗಬೇಕು. ರಾಜಿಯಾಗಲು ಆಗದಿದ್ದರೆ ರಾಜೀನಾಮೆ ಕೊಡಬೇಕು. ಒಂದೇ ಧಾತುವಿನಿಂದ ಒಬ್ಬ ಹೆಂಗಸಿನ ನೌಕರಿಯ ಕಥೆಯನ್ನು ಪೂರ್ತಿ ಹೇಳಬಹುದು. ಅಂಥ ಕಥೆಗಳು ಕರ್ನಾಟಕದ ಪ್ರತಿ ತಾಲ್ಲೂಕಿನಲ್ಲೂ ಇವೆ.

ಈ ಪದದ ಸೀಮೆಯನ್ನೂ ಗಮನಿಸಬೇಕು. ಉತ್ತರದಲ್ಲಿ ರಜಾ ಎಂದರೆ ಇಂದಿಗೂ ಸಮ್ಮತಿಯೇ. ಕೆಲಸದಿಂದ ಸಿಗುವ ಬಿಡುವಿಗೆ ಹಿಂದಿಯವರು ‘ಛುಟ್ಟೀ’ ಎನ್ನುತ್ತಾರೆ. ಗುಜರಾತಿ, ಮರಾಠಿ, ಕನ್ನಡಗಳಲ್ಲಿ ಈ ಅನುಮತಿಯ ಪದವೇ ಅನುಮತಿ ಪಡೆದ ದಿನದ ಪದವಾಗಿ ಬೆಳೆಯಿತು. ಮರಾಠಿಯಲ್ಲಿ ‘ರಜಾ ಘೇಣೆ’ ಎಂದರೆ ಹಿರಿಯರ ಅಪ್ಪಣೆ ಪಡೆದು ಹೊರಡುವುದು ಎಂದೂ ಆಗುತ್ತದೆ. ಆದಿಲಶಾಹಿಯ ದಫ್ತರಗಳು, ಪೇಶ್ವೆಯ ಕಚೇರಿಗಳು, ಹೈದರ್–ಟಿಪ್ಪು ಕಾಲದ ಶ್ರೀರಂಗಪಟ್ಟಣದ ಫಾರಸಿ ಲೆಕ್ಕಪತ್ರಗಳು, ನಿಜಾಮನ ತಾಲ್ಲೂಕು ಕಚೇರಿಗಳು ಹೀಗೆ ಕನ್ನಡನಾಡಿನ ನಾಲ್ಕೂ ದಿಕ್ಕಿಗೆ ಆಡಳಿತದ ಈ ಶಬ್ದಕೋಶ ಹರಡಿತ್ತು. ತೆಲುಗಿನ ‘ಸೆಲವು’ ಕೂಡ ಅಪ್ಪಣೆಯಿಂದಲೇ ರಜೆಗೆ ಬಂದದ್ದು. ಇಂಗ್ಲಿಷಿನ ‘ಲೀವ್’ ಸಹ ಮೂಲದಲ್ಲಿ ಅನುಮತಿಯೇ. ಒಡೆಯರಿದ್ದ ಕಡೆಯಲ್ಲೆಲ್ಲ ಭಾಷೆ ಒಂದೇ ತೆರನಾಗಿ ಯೋಚಿಸಿದೆ.

ನಮ್ಮಲ್ಲೇ ಬೇರೆ ಬಗೆಯಲ್ಲಿ ಯೋಚಿಸುವ ಮಾತುಗಳೂ ಇವೆ. ಧಾರವಾಡ, ವಿಜಯಪುರದ ಕಡೆ ಸಾಲಿಗೆ ‘ಸೂಟಿ’. ಅದು ಮರಾಠಿಯ ಸುಟ್ಟಿಯಿಂದ ಬಂದದ್ದು. ಕಟ್ಟು ಸಡಿಲಿ ಹೊರಬರುವುದು ಅದರ ಅರ್ಥ. ಅಚ್ಚಗನ್ನಡದ ‘ಬಿಡುವು’ ಕೂಡ ಅಂಥದೇ. ಬಿಡುವಿನಲ್ಲಿ ಕೊಡುವವರ ಪ್ರಸ್ತಾಪವಿಲ್ಲ. ಅದನ್ನು ‘ಮಾಡಿಕೊಳ್ಳುತ್ತೇವೆ’. ಆದರೆ ಸರ್ಕಾರದ ಕಡತಕ್ಕೆ ಹೋದದ್ದು ಬಿಡುವೂ ಅಲ್ಲ, ಸೂಟಿಯೂ ಅಲ್ಲ; ಕೊಡುವವರು ಇದ್ದೇ ಇರಬೇಕಾದ ರಜೆ.

ಹಾಗಾದರೆ ಹಿಂದೆ ರಜೆ ಯಾರಿಗಿತ್ತು? ಕಚೇರಿಯ ಶಾನುಭೋಗರಿಗೆ, ಗುಮಾಸ್ತರಿಗೆ, ಪೇದೆಗಳಿಗೆ. ಹೊಲದ ಆಳಿಗೆ ರಜೆ ಎಂಬ ಮಾತೇ ಇರಲಿಲ್ಲ. ಸೋಮವಾರ ಬಸವಣ್ಣನ ವಾರವೆಂದು ಎತ್ತಿನ ಕೊರಳಿಗೆ ನೊಗ ಹಾಕದ ಊರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಆ ಸೋಮವಾರವೂ ಕೊಟ್ಟಿಗೆ ಬಳಿಯುವವಳಿಗೆ, ರಾಗಿ ಬೀಸುವವಳಿಗೆ ಕೆಲಸ ಇದ್ದೇ ಇತ್ತು. ಹೆಂಗಸಿಗೆ ಸಮಾಜ ಒಪ್ಪಿದ ಒಂದೇ ಒಂದು ದೀರ್ಘ ಬಿಡುವೆಂದರೆ ಬಾಣಂತನ. ಉಳ್ಳವರ ಮನೆಯ ಮಗಳು ತವರಿಗೆ ಹೋಗಿ ಮೂರು ತಿಂಗಳೋ ಐದು ತಿಂಗಳೋ ಬೆಚ್ಚಗಿನ ಕೋಣೆಯಲ್ಲಿ ಇರುತ್ತಿದ್ದಳು. ಅಷ್ಟು ದಿನ ಎಣ್ಣೆ ಒತ್ತಿ, ನೀರು ಕಾಯಿಸಿ, ಸಾಂಬ್ರಾಣಿ ಹೊಗೆ ಹಾಕಿ, ಖಾರ ಕುಟ್ಟಿ ದುಡಿದವಳು ಅವಳ ತಾಯಿ. ಒಬ್ಬಳ ಬಿಡುವನ್ನು ಇನ್ನೊಬ್ಬಳ ಮೈಮುರಿ ದುಡಿತದಿಂದ ತುಂಬಿಸುವುದು ಆ ವ್ಯವಸ್ಥೆಯ ಲೆಕ್ಕ. ಬೆಂಗಳೂರಿನ ಕಾರ್ಖಾನೆಗೆ ಹೋಗುವ ಎಷ್ಟೋ ಹೆಣ್ಣುಮಕ್ಕಳು ಇಂದಿಗೂ ಎರಡು ವರ್ಷದ ಕೂಸನ್ನು ಊರಲ್ಲಿ ಅಜ್ಜಿಯ ಮಡಿಲಿಗೆ ಹಾಕಿ ಬಂದಿರುತ್ತಾರೆ. ಲೆಕ್ಕ ಬದಲಾಗಿಲ್ಲ.

ರಜೆ ಎಂಬ ಮಾತು ಕಚೇರಿಯಿಂದ ಇಳಿದು ಕೂಲಿಕಾರರ ಬಾಯಿಗೆ ಬಂದದ್ದು ಗಿರಣಿಗಳ ಕಾಲದಲ್ಲಿ. ಮುಂಬಯಿಯ ಬಟ್ಟೆ ಗಿರಣಿಗಳ ಕೆಲಸಗಾರರನ್ನು ಸಂಘಟಿಸಿದ ನಾರಾಯಣ ಮೇಘಾಜಿ ಲೋಖಂಡೆ, ಜೋತಿಬಾ ಫುಲೆಯವರ ಸತ್ಯಶೋಧಕ ಪರಂಪರೆಯವರು. 1884ರಿಂದ ಬಿಡದೆ ಕೇಳಿ ಕೇಳಿ 1890ರಲ್ಲಿ ಅವರು ಭಾನುವಾರದ ರಜೆಯನ್ನು ಗಿರಣಿ ಮಾಲೀಕರಿಂದ ಪಡೆದರು. ಮರುವರ್ಷದ ಫ್ಯಾಕ್ಟರಿ ಕಾಯ್ದೆ ವಾರದ ರಜೆಯನ್ನು ಬರಹಕ್ಕೆ ತಂದಿತು, ಹೆಂಗಸರ ದುಡಿತಕ್ಕೆ ದಿನಕ್ಕೆ ಹನ್ನೊಂದು ಗಂಟೆಯ ಮಿತಿ ಹಾಕಿತು. ಹನ್ನೊಂದು ಗಂಟೆಯೇ ಸುಧಾರಣೆ ಎನಿಸಿದ್ದ ಕಾಲ ಅದು.

ಹೆರಿಗೆಯ ಮಾತು ಕಾನೂನಿಗೆ ಬರಲು ಇನ್ನೂ ನಾಲ್ಕು ದಶಕ ಹಿಡಿಯಿತು. 1928ರ ಜುಲೈನಲ್ಲಿ ಮುಂಬಯಿ ವಿಧಾನ ಪರಿಷತ್ತಿನ ಮುಂದೆ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಅದರ ಪರವಾಗಿ ಎದ್ದು ನಿಂತವರಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಒಬ್ಬರು. ಹೆರಿಗೆಗೆ ಮುಂಚೆಯೂ ಆಮೇಲೆಯೂ ತಾಯಿಗೆ ವಿಶ್ರಾಂತಿ ಸಿಗುವುದು ರಾಷ್ಟ್ರದ ಹಿತದ ವಿಷಯ, ಅದರ ಹೊರೆಯಲ್ಲಿ ಸರ್ಕಾರಕ್ಕೂ ಪಾಲಿದೆ, ಹೆಣ್ಣಾಳುಗಳ ದುಡಿತದಿಂದ ಲಾಭ ಪಡೆಯುವ ಮಾಲೀಕನೂ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ ಎಂಬುದು ಅವರ ವಾದದ ತಿರುಳು. 1929ರಲ್ಲಿ ಕಾಯ್ದೆಯಾಯಿತು; ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡಗಳು ಆಗ ಆ ಪ್ರಾಂತ್ಯದ ಜಿಲ್ಲೆಗಳು. 1930ರ ದಶಕದಲ್ಲಿ ಮದರಾಸು ಪ್ರಾಂತ್ಯವೂ ಅಂಥದೇ ಕಾಯ್ದೆ ಮಾಡಿತು.

ಹೊರೆ ಯಾರದು ಎಂದು ಅಂದು ಎದ್ದ ಪ್ರಶ್ನೆ ಇಂದಿಗೂ ಬಗೆಹರಿದಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆ ಮೊದಲು 12 ವಾರ ಕೊಟ್ಟಿತ್ತು; 2017ರ ತಿದ್ದುಪಡಿ ಮೊದಲೆರಡು ಮಕ್ಕಳಿಗೆ ಅದನ್ನು 26 ವಾರಕ್ಕೆ ಏರಿಸಿತು. ಇ.ಎಸ್.ಐ. ವ್ಯಾಪ್ತಿಯ ಕೆಲಸಗಾರ್ತಿಗೆ ಆ ಹಣ ವಿಮಾ ನಿಧಿಯಿಂದ ಬರುತ್ತದೆ. ಉಳಿದ ಕಡೆ ಇಡೀ ಸಂಬಳ ಮಾಲೀಕನೇ ತೆರಬೇಕು. ಇಪ್ಪತ್ತು ಮೂವತ್ತು ಜನರ ಸಣ್ಣ ಕಂಪನಿಯವನು ಹೊಸದಾಗಿ ಮದುವೆಯಾದವಳನ್ನು ಸಂದರ್ಶನದಲ್ಲೇ ಪಕ್ಕಕ್ಕೆ ಸರಿಸಿದರೆ ಅದಕ್ಕೆ ಸಾಕ್ಷಿಯೂ ಸಿಗುವುದಿಲ್ಲ. 26 ವಾರವನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ, ಆದರೆ ಒಬ್ಬ ಮಾಲೀಕನ ಜೇಬಿನ ಮೇಲೆಯೇ ಅದನ್ನು ನಿಲ್ಲಿಸಿದ್ದು ಸರಿಯಲ್ಲ. ವಿಮೆಯ ಹಾದಿ, ಎಂದರೆ ಎಲ್ಲರೂ ಸ್ವಲ್ಪ ಸ್ವಲ್ಪ ಹೊರುವ ಹಾದಿಯೇ ನ್ಯಾಯದ್ದು.

ಸರ್ಕಾರಿ ಕಡತಗಳಲ್ಲಿ ರಜೆಗೆ ಈಗ ದೊಡ್ಡ ಕುಟುಂಬವಿದೆ: ಸಾಂದರ್ಭಿಕ ರಜೆ, ಗಳಿಕೆ ರಜೆ, ಅರ್ಧ ವೇತನ ರಜೆ, ಪರಿವರ್ತಿತ ರಜೆ, ಅಸಾಧಾರಣ ರಜೆ, ಹೆರಿಗೆ ರಜೆ, ಪಿತೃತ್ವ ರಜೆ, ಶಿಶುಪಾಲನಾ ರಜೆ. ಇವುಗಳಲ್ಲಿ ‘ಗಳಿಕೆ ರಜೆ’ಯ ಮುಂದೆ ನಾನು ಒಂದು ಕ್ಷಣ ನಿಲ್ಲುತ್ತೇನೆ. ದುಡಿದು ಗಳಿಸಿದ್ದು ಮತ್ತೊಬ್ಬರ ಒಪ್ಪಿಗೆಯ ವಸ್ತುವಾಗುವುದು ಹೇಗೆ? ಒಂದೇ ಪದಜೋಡಿಯಲ್ಲಿ ಎರಡು ಯುಗಗಳು ಅಂಟಿಕೊಂಡಿವೆ. 1972ರ ಕೇಂದ್ರ ನಾಗರಿಕ ಸೇವಾ ರಜೆ ನಿಯಮಗಳ ಏಳನೆಯ ನಿಯಮ ಈ ಜಗ್ಗಾಟದಲ್ಲಿ ಹಳೆಯ ಯುಗದ ಕಡೆ ನಿಲ್ಲುತ್ತದೆ: ರಜೆಯನ್ನು ಹಕ್ಕೆಂದು ಕೇಳುವಂತಿಲ್ಲ. ಹಕ್ಕು ಕೂಡ ಅರಬ್ಬಿ ಮಾತೇ, ರಜೆ ಬಂದ ಹಾದಿಯಲ್ಲೇ ಬಂದದ್ದು. ಶತಮಾನಗಳು ಒಂದೇ ಭಾಷೆಯಲ್ಲಿ ಬಾಳಿದ ಮೇಲೂ ಅವೆರಡನ್ನು ಕೂಡಿಸಬಾರದು ಎನ್ನುತ್ತದೆ ಆ ನಿಯಮ. ತುರ್ತು ಸೇವೆಗಳಿಗೆ ಅಂಥ ಕಟ್ಟು ಬೇಕಾಗಬಹುದು, ಒಪ್ಪೋಣ. ಆದರೆ ಮಗುವಿನ ಜ್ವರ ಕಚೇರಿಯ ಅನುಕೂಲ ನೋಡಿ ಬರುವುದಿಲ್ಲವಲ್ಲ.

ಹಾಗೆಂದು ಏನೂ ಕದಲಿಲ್ಲ ಎನ್ನಲಾರೆ. 2008ರಲ್ಲಿ ಆರನೇ ವೇತನ ಆಯೋಗದ ನಂತರ ಕೇಂದ್ರದ ಮಹಿಳಾ ನೌಕರರಿಗೆ ಇಡೀ ಸೇವಾವಧಿಯಲ್ಲಿ 730 ದಿನಗಳ ಶಿಶುಪಾಲನಾ ರಜೆ ಬಂತು. ಕರ್ನಾಟಕ 2021ರಲ್ಲಿ ತನ್ನ ಮಹಿಳಾ ನೌಕರರಿಗೆ 180 ದಿನ ಕೊಟ್ಟಿತು. ಮಕ್ಕಳ ಪರೀಕ್ಷೆಗೂ ಕಾಯಿಲೆಗೂ ರಜೆ ಪಡೆಯಬಹುದು ಎಂದು ಸರ್ಕಾರ ಒಪ್ಪಿದ್ದು ಸಣ್ಣ ಮಾತಲ್ಲ. ಮಗು ಹುಟ್ಟಿದ ಆರು ತಿಂಗಳಿಗೆ ತಾಯ್ತನ ಮುಗಿಯುವುದಿಲ್ಲ ಎಂದು ಒಪ್ಪಿದಂತೆ. ದಿನಗೂಲಿಯವರಿಗೂ ಹೆರಿಗೆ ಸೌಲಭ್ಯ ಸಲ್ಲಬೇಕೆಂದು 2000ದಲ್ಲಿ ಸುಪ್ರೀಂ ಕೋರ್ಟು ದೆಹಲಿ ಮಹಾನಗರಪಾಲಿಕೆಯ ಮಸ್ಟರ್ ರೋಲ್ ಹೆಂಗಸರ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ರಸ್ತೆಯ ಬದಿ ಜಲ್ಲಿ ಹೊರುತ್ತಿದ್ದವರು ಗೆದ್ದ ಮೊಕದ್ದಮೆ ಅದು.

ಇನ್ನು ರಜೆಯ ಜೊತೆ ಬರುವ ಕ್ರಿಯಾಪದಗಳು. ನನ್ನ ಮಟ್ಟಿಗೆ ಈ ಪದದ ನಿಜವಾದ ಚರಿತ್ರೆ ಅಲ್ಲಿದೆ. ಕಚೇರಿಯವರು ರಜೆ ‘ಹಾಕುತ್ತಾರೆ’. ‘ನಾಳೆ ಸಿ.ಎಲ್. ಹಾಕ್ತೀನಿ’ ಎನ್ನುವಾಗ ಒಪ್ಪಿಗೆಯ ನೆರಳೂ ಇಲ್ಲ, ಅರ್ಜಿ ಬರೀ ದಾಖಲೆ. ಶಾಲೆಗೆ, ಕೋರ್ಟಿಗೆ ರಜೆ ‘ಇದೆ’. ಅಲ್ಲಿ ಪಂಚಾಂಗವೇ ಕೊಟ್ಟಾಗಿದೆ. ಕಾರ್ಖಾನೆಯ ಹೆಂಗಸು ಮಾತ್ರ ರಜೆ ‘ಕೇಳುತ್ತಾಳೆ’. ಒಂದೇ ನಾಮಪದಕ್ಕೆ ಯಾವ ಕ್ರಿಯಾಪದ ಹತ್ತುತ್ತದೆ ಎನ್ನುವುದರಿಂದ ಮಾತಾಡುವವರು ಯಾವ ಮೆಟ್ಟಿಲ ಮೇಲಿದ್ದಾರೆಂದು ಹೇಳಬಹುದು.

ಬೆಂಗಳೂರು, ರಾಮನಗರ, ಮಂಡ್ಯ ಸೀಮೆಯ ಗಾರ್ಮೆಂಟ್ಸಿನ ಒಳಗಿನ ನಡಾವಳಿ ಅಲ್ಲಿ ದುಡಿಯುವ ಎಲ್ಲರಿಗೂ ಗೊತ್ತು. ಒಂದು ಲೈನಿನಲ್ಲಿ ಹತ್ತಾರು ಮಿಷಿನ್ನು. ಒಬ್ಬಳು ಕಾಲರು ಹೊಲಿದರೆ ಮುಂದಿನವಳು ಅದನ್ನು ಕೂಡಿಸಬೇಕು, ಅದರ ಮುಂದಿನವಳು ತೋಳು. ಗಂಟೆಗೆ ಇಷ್ಟು ಪೀಸು ಎಂದು ಬೋರ್ಡಿನಲ್ಲಿ ಬರೆದಿರುತ್ತದೆ. ಒಬ್ಬಳು ಎದ್ದರೆ ಲೈನು ನಿಲ್ಲುತ್ತದೆ. ಅವಳ ಜಾಗಕ್ಕೆ ಕೂರಿಸಲು ಹೆಚ್ಚುವರಿ ಟೈಲರನ್ನು ಇಟ್ಟುಕೊಂಡಿರುವುದಿಲ್ಲ. ‘ಮಗೂಗೆ ಜ್ವರ ಸಾರ್, ಅರ್ಧ ದಿನ ರಜ ಕೊಡಿ’ ಎಂದರೆ ‘ಇವತ್ತು ಶಿಪ್‌ಮೆಂಟು, ಟಾರ್ಗೆಟ್ ಆಗ್ಲಿ, ನೋಡೋಣ’ ಎನ್ನುತ್ತಾನೆ ಸೂಪರ್‌ವೈಸರ್. ಅವನೂ ಮೇಲಿನವರ ಬೈಗುಳಕ್ಕೆ ಹೆದರಿದವನೇ. ರಜೆ ಇಲ್ಲಿ ಕಾಗದದ ಮೇಲೆ ಇಲ್ಲವೆಂದಲ್ಲ. ಕಾನೂನಿನ ಪ್ರಕಾರ ಇಪ್ಪತ್ತು ದಿನ ದುಡಿದರೆ ಒಂದು ದಿನದ ಸಂಬಳ ಸಹಿತ ರಜೆ ಜಮೆಯಾಗುತ್ತದೆ. ಆದರೆ ಜಮೆಯಾದ ರಜೆಯನ್ನು ಬೇಕಾದ ದಿನ ತೆಗೆಯಲು ಬರುವುದಿಲ್ಲ. ಇದೇ ಮರ್ಜಿ.

ಅಲ್ಲಿಂದ ಮುಂದೆ ರಾಜಿ. ನೆರೆಮನೆಯ ಮುದುಕಿಗೆ ನೂರು ರೂಪಾಯಿ ಕೊಟ್ಟು ಮಗುವನ್ನು ಒಪ್ಪಿಸುವುದು ರಾಜಿ. ದೊಡ್ಡ ಮಗಳನ್ನು ಶಾಲೆ ಬಿಡಿಸಿ ಚಿಕ್ಕದರ ಕಾವಲಿಗೆ ಕೂರಿಸುವುದು ಇನ್ನೂ ಕೆಟ್ಟ ರಾಜಿ. ಬಡ್ತಿ ಕೊಟ್ಟರೆ ಸಂಜೆ ತಡವಾಗುತ್ತದೆಂದು ‘ನನಗೆ ಬೇಡ ಸಾರ್’ ಎಂದುಬಿಡುವ ಶಿಕ್ಷಕಿಯದೂ ಬ್ಯಾಂಕಿನವಳದೂ ರಾಜಿಯೇ. ಕೋರ್ಟಿನ ರಾಜಿಯಲ್ಲಿ ಎರಡೂ ಕಡೆಯವರು ಒಂದಿಷ್ಟು ಬಿಟ್ಟುಕೊಡುತ್ತಾರೆ. ಮನೆಗೂ ಕೆಲಸಕ್ಕೂ ನಡುವಿನ ರಾಜಿಯಲ್ಲಿ ಬಿಟ್ಟುಕೊಡುವವಳು ಒಬ್ಬಳೇ.

ರಾಜೀನಾಮೆಯ ಕಥೆ ಇದಕ್ಕಿಂತ ಕುತೂಹಲದ್ದು. 1855ರಲ್ಲಿ ಎಚ್.ಎಚ್. ವಿಲ್ಸನ್ ಹೊರತಂದ ಕಂದಾಯ ಮತ್ತು ನ್ಯಾಯಾಡಳಿತದ ಪದಕೋಶದಲ್ಲಿ ಅದು ಒಪ್ಪಿಗೆಯ ಪತ್ರ. ಮದರಾಸು ಪ್ರಾಂತ್ಯದ ಕೋರ್ಟುಗಳಲ್ಲಿ, ಎಂದರೆ ಆಗಿನ ದಕ್ಷಿಣ ಕನ್ನಡ, ಬಳ್ಳಾರಿಗಳಲ್ಲಿ ರಾಜೀನಾಮೆ ಎಂದರೆ ವಾದಿ ಪ್ರತಿವಾದಿಗಳು ಬಗೆಹರಿಸಿಕೊಂಡ ಕರಾರು; ‘ರಾಜೀನಾಮೆ ಡಿಕ್ರಿ’ ಎಂಬ ಮಾತು ಹೈಕೋರ್ಟಿನ ತೀರ್ಪುಗಳಲ್ಲೂ ಸಿಗುತ್ತದೆ. ಮುಂಬಯಿ ಪ್ರಾಂತ್ಯದಲ್ಲಿ ಅದೇ ಮಾತು ಬೇರೆ ದಾರಿ ಹಿಡಿಯಿತು. ರೈತ ತನ್ನ ಸಾಗುವಳಿ ಭೂಮಿಯನ್ನು ಬಿಟ್ಟುಕೊಡಬೇಕಾದರೆ ಕಂದಾಯ ಇಲಾಖೆಗೆ ರಾಜೀನಾಮೆ ಬರೆದುಕೊಡುತ್ತಿದ್ದ. ಅದನ್ನು ಪಡೆಯುವವನು ಕಬೂಲಾಯತ್ತು ಬರೆದುಕೊಡುತ್ತಿದ್ದ. ಸಾಲಕ್ಕೆ ಸಿಕ್ಕಿ ಕಣ್ಣೀರು ಹಾಕುತ್ತ ಬರೆದದ್ದಿರಲಿ, ಬರಗಾಲಕ್ಕೆ ಹೆದರಿ ಬರೆದದ್ದಿರಲಿ, ಕಾಗದದ ನೆತ್ತಿಯ ಮೇಲೆ ‘ನಾನು ರಾಜಿ’ ಎಂದೇ ಇರುತ್ತಿತ್ತು. ಹೊಲ ಬಿಡುವ ಕಾಗದದ ಹೆಸರೇ ನೌಕರಿ ಬಿಡುವ ಕಾಗದಕ್ಕೂ ಮರಾಠಿಯಲ್ಲಿ, ಕನ್ನಡದಲ್ಲಿ ಅಂಟಿಕೊಂಡಿತು. ಉರ್ದುವಿನಲ್ಲಿ ರಾಜೀನಾಮೆ ಇಂದಿಗೂ ಒಪ್ಪಂದವೇ. ನೌಕರಿ ಬಿಡುವುದಕ್ಕೆ ಅವರು ‘ಇಸ್ತೀಫಾ’ ಎನ್ನುತ್ತಾರೆ.

ಇನ್ನೊಂದು ಪದವನ್ನು ಇಲ್ಲಿ ಪಕ್ಕದಲ್ಲಿಟ್ಟು ನೋಡಬೇಕು: ‘ವಜಾ’. ಇದರ ಧಾತು ಬೇರೆ. ಕೆಳಗಿಡು, ಕಳೆ ಎಂಬುದು ಅರ್ಥ. ಲೆಕ್ಕದಲ್ಲಿ ಕಳೆಯುವುದಕ್ಕೂ ಕೆಲಸದಿಂದ ತೆಗೆಯುವುದಕ್ಕೂ ಅದೊಂದೇ. ಹೆರಿಗೆ ರಜೆಯಲ್ಲಿರುವವಳನ್ನು ವಜಾ ಮಾಡಕೂಡದು ಎಂದು 1961ರ ಕಾಯ್ದೆಯ 12ನೇ ಕಲಂ ಸ್ಪಷ್ಟವಾಗಿ ಹೇಳಿತ್ತು. ರಾಜೀನಾಮೆಯ ಬಗ್ಗೆ ಆ ಕಲಂ ಏನನ್ನೂ ಹೇಳಲಾರದು, ಏಕೆಂದರೆ ಅದು ಅವಳೇ ‘ಸ್ವಂತ ಕಾರಣದಿಂದ’ ಬರೆದುಕೊಟ್ಟದ್ದು. ಹೆರಿಗೆ ಮುಗಿಸಿ ಬಂದವಳನ್ನು ದೂರದ ಘಟಕಕ್ಕೆ ಹಾಕಿ, ಕೂಸಿಗೆ ಹಾಲೂಡಿಸಲು ಬಿಡುವು ಕೊಡದೆ, ಪಾಳಿ ಬದಲಿಸಿ ಸಾಕುಮಾಡಿದರೆ ಆಕೆಯೇ ಬರೆಯುತ್ತಾಳೆ. ವಜಾ ಆದವಳಿಗೆ ಮೊಕದ್ದಮೆ ಹೂಡಲು ಜಾಗವಿದೆ. ರಾಜೀನಾಮೆ ಕೊಟ್ಟವಳು ದಾಖಲೆಯಲ್ಲಿ ರಾಜಿಯಾದವಳು.

ಗಾರ್ಮೆಂಟ್ಸಿನಲ್ಲಿ ರಾಜೀನಾಮೆಗೆ ಮತ್ತೊಂದು ಕೆಲಸವೂ ಇದೆ: ಪಿ.ಎಫ್. ಬಿಡಿಸಿಕೊಳ್ಳುವುದು. ಮಗಳ ಕಾಲೇಜಿನ ಫೀಸು, ತಂದೆಯ ಆಸ್ಪತ್ರೆ, ಮನೆಯ ಭೋಗ್ಯದ ಹಣ, ಯಾವುದು ಬಂದರೂ ಕೈಗೆ ಸಿಗುವ ಒಂದೇ ಗಂಟು ಅದು. ಕೆಲಸ ಬಿಟ್ಟರೆ ತಾನೇ ಪೂರ್ತಿ ಸಿಗುವುದು. 2016ರ ಆರಂಭದಲ್ಲಿ ಕೇಂದ್ರ ಸರ್ಕಾರ, ಮಾಲೀಕರ ಪಾಲಿನ ಪಿ.ಎಫ್. ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ನಿಯಮ ಮಾಡಿತು. ಆ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಹೊಸೂರು ರಸ್ತೆ, ತುಮಕೂರು ರಸ್ತೆಗಳಿಗೆ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಇಳಿದರು. ದೊಡ್ಡ ಸಂಘದ ಕರೆಯಿಲ್ಲದೆ, ಮುಂದಾಳುಗಳಿಲ್ಲದೆ ಇಳಿದರು. ಎರಡನೇ ದಿನ ಸಂಜೆಗೆ ಕೇಂದ್ರ ನಿಯಮವನ್ನು ವಾಪಸು ಪಡೆಯಿತು. ಅದನ್ನು ಹಲವರು ಹಣದ ಗಲಾಟೆ ಎಂದು ಬರೆದರು. ನನಗೆ ಅದು ಮನೆವಾರ್ತೆಯ ಹೋರಾಟವಾಗಿ ಕಾಣುತ್ತದೆ. ಮಕ್ಕಳ, ಮುದುಕರ ಹೊಣೆ ಹೊತ್ತವರಿಗೆ ಬೇರೆ ಯಾವ ಆಸರೆಯೂ ಇಲ್ಲದಾಗ ನೌಕರಿ ಬಿಡುವ ಸ್ವಾತಂತ್ರ್ಯವೇ ಅವರ ಉಳಿತಾಯ ಖಾತೆಯಾಗಿತ್ತು. ಹೀಗೆ ಆಗಾಗ ಬಿಟ್ಟು ಸೇರಿದವರಿಗೆ ಐದು ವರ್ಷದ ನಿರಂತರ ಸೇವೆ ತುಂಬುವುದಿಲ್ಲ, ಗ್ರಾಚುಯಿಟಿಯೂ ಕೈತಪ್ಪುತ್ತದೆ.

ರಜೆಯೊಂದರಿಂದಲೇ ಇದು ಬಗೆಹರಿಯುವುದಿಲ್ಲ. ದಿನವೂ ಮಗುವನ್ನು ನೋಡಿಕೊಳ್ಳಲು ಒಂದು ಜಾಗ ಬೇಕು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ 1951ರ ತೋಟ ಕಾರ್ಮಿಕರ ಕಾಯ್ದೆ ಶಿಶುವಿಹಾರವನ್ನು ಕಡ್ಡಾಯ ಮಾಡಿತ್ತು; ಕಾರ್ಖಾನೆಗಳಿಗೆ 1948ರ ಕಾಯ್ದೆ; 2017ರಿಂದ 50 ಅಥವಾ ಹೆಚ್ಚು ಮಂದಿಯ ಸಂಸ್ಥೆಗಳಿಗೆಲ್ಲ, ದಿನಕ್ಕೆ ನಾಲ್ಕು ಸಲ ತಾಯಿ ಹೋಗಿ ನೋಡಿ ಬರುವ ಅವಕಾಶದ ಜೊತೆ. ಕಾಗದದಲ್ಲಿ ಚೆನ್ನಾಗಿದೆ. ಆದರೆ ಬೆಳಗಿನ ಏಳಕ್ಕೆ ಕಿಕ್ಕಿರಿದ ಟೆಂಪೊದಲ್ಲಿ ನಿಂತು ಬರುವವಳು ಕೂಸನ್ನು ಎತ್ತಿಕೊಂಡು ಬರುವುದೆಂತು? ಶಿಶುವಿಹಾರ ಕಾರ್ಖಾನೆಯ ಪಕ್ಕದಲ್ಲಿರಬೇಕೋ ಕೆಲಸಗಾರರ ಬೀದಿಯಲ್ಲಿರಬೇಕೋ ಎಂದು ಅವರನ್ನೇ ಕೇಳಿದ್ದರೆ ಚೆನ್ನಿತ್ತು. ಹಳ್ಳಿಗಳಲ್ಲಿ ಕರ್ನಾಟಕ ಸರ್ಕಾರ 2023ರಲ್ಲಿ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಿಗೆಂದು ಘೋಷಿಸಿದ ಯೋಜನೆಗೆ ‘ಕೂಸಿನ ಮನೆ’ ಎಂದು ಹೆಸರಿಟ್ಟಿತು. ಉದ್ಯೋಗ ಖಾತರಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಮಾಡಿದ್ದು. ಕಚೇರಿಗನ್ನಡದಿಂದ ಇಂಥ ಹೆಸರು ಬಂದಾಗ ಹರ್ಷವಾಗುತ್ತದೆ. ಯಾರೂ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಈವರೆಗೆ ‘ಅವಳು’ ಎಂದೇ ಬರೆದೆ, ಏಕೆಂದರೆ ಹೊರೆ ಅವಳ ಮೇಲಿದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಅದೇ ಕೆಲಸಕ್ಕೆ ಕೈಹಾಕುವ ಗಂಡಸರು 97. ಆದರೆ ನೀತಿಯ ಭಾಷೆಯೂ ‘ಅವಳು’ ಎಂದರೆ ಹೊರೆ ಅವಳ ಮೇಲೆಯೇ ಗಟ್ಟಿಯಾಗುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಇದನ್ನು ತಡವಾಗಿಯಾದರೂ ಕಂಡುಕೊಂಡಿತು. 1965ರ ಅದರ ಶಿಫಾರಸಿನ ಹೆಸರಿನಲ್ಲಿ ಕುಟುಂಬದ ಹೊಣೆಯುಳ್ಳ ‘ಮಹಿಳೆಯರು’ ಇದ್ದರು. 1981ರ 156ನೇ ಒಡಂಬಡಿಕೆಯಲ್ಲಿ ಅದು ಕುಟುಂಬದ ಹೊಣೆಯುಳ್ಳ ‘ಕೆಲಸಗಾರರು’ ಆಯಿತು, ಗಂಡಸರೂ ಹೆಂಗಸರೂ. ಮಕ್ಕಳು ಮಾತ್ರವಲ್ಲ, ಆರೈಕೆ ಬೇಕಾದ ಮನೆಯ ಬೇರೆ ಸದಸ್ಯರೂ ಸೇರಿದರು. ಕುಟುಂಬದ ಹೊಣೆಯನ್ನೇ ಕೆಲಸದಿಂದ ತೆಗೆಯಲು ಕಾರಣ ಮಾಡಕೂಡದು ಎಂದು ಅದರ ಎಂಟನೇ ವಿಧಿ ಹೇಳುತ್ತದೆ. ಭಾರತ ಅದಕ್ಕೆ ಇನ್ನೂ ಅನುಮೋದನೆಯ ಮುದ್ರೆ ಹಾಕಿಲ್ಲ. ಹಾಕಬೇಕು.

ಸ್ವೀಡನ್ 1974ರಲ್ಲೇ ತಾಯಿಯ ರಜೆಯನ್ನು ತಂದೆ ತಾಯಿ ಇಬ್ಬರ ರಜೆಯನ್ನಾಗಿ ಮಾಡಿತು. ನಮ್ಮಲ್ಲಿ ಕೇಂದ್ರ ಸರ್ಕಾರದ ಗಂಡು ನೌಕರನಿಗೆ 15 ದಿನ ಪಿತೃತ್ವ ರಜೆಯಿದೆ. ಖಾಸಗಿಯವರಿಗೆ ಕಾನೂನೇ ಇಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ 1961ರ ಕಾಯ್ದೆಯನ್ನು ಒಳಗೊಂಡಿತು, ತಾಯಿಯ 26 ವಾರವನ್ನೂ ಶಿಶುವಿಹಾರವನ್ನೂ ಉಳಿಸಿಕೊಂಡಿತು, ತಂದೆಯ ಬಗ್ಗೆ ಮೌನವಾಗಿದೆ. ‘ಮಗೂಗೆ ಲಸಿಕೆ ಹಾಕಿಸಬೇಕು, ರಜೆ ಹಾಕ್ತೀನಿ’ ಎಂದು ಗಂಡಸು ಬರೆದ ಅರ್ಜಿ ಸಹಜವಾಗುವವರೆಗೆ ಹೆಂಗಸಿನ ಅರ್ಜಿ ಭಾರವಾಗಿಯೇ ಇರುತ್ತದೆ.

ಕರ್ನಾಟಕದ ಸಂಪುಟ 2025ರ ಅಕ್ಟೋಬರಿನಲ್ಲಿ ಋತುಚಕ್ರ ರಜೆ ನೀತಿಯನ್ನು ಒಪ್ಪಿತು: ತಿಂಗಳಿಗೆ ಒಂದು, ವರ್ಷಕ್ಕೆ ಹನ್ನೆರಡು, ಸಂಬಳ ಸಹಿತ, ಖಾಸಗಿಯವರಿಗೂ. ಬಿಹಾರ ತನ್ನ ಮಹಿಳಾ ನೌಕರರಿಗೆ 1992ರಲ್ಲೇ ತಿಂಗಳಿಗೆ ಎರಡು ದಿನ ಕೊಟ್ಟಿತ್ತು. ಸಂಸ್ಕೃತದ ‘ರಜಸ್’ ಎಂಬ ಮಾತು, ರಜಸ್ವಲೆ ಎಂಬಲ್ಲಿರುವುದು, ನಮ್ಮ ರಜೆಗೆ ಏನೂ ಸಂಬಂಧಿಯಲ್ಲ; ಸದ್ದು ಮಾತ್ರ ಒಂದೇ. ಹೊರಗೆ ಕೂರಿಸುತ್ತಿದ್ದ ದಿನಗಳ ಬಗ್ಗೆ ಸರ್ಕಾರದ ಆದೇಶವೊಂದು ನಾಚಿಕೆಯಿಲ್ಲದೆ ಮಾತಾಡಿದ್ದು ದೊಡ್ಡ ವಿಷಯ. ಮಾಲೀಕರು ಇದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದರು. ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಹಿಂಜರಿದಾರು ಎಂಬ ಆತಂಕ ಹೆಂಗಸರಲ್ಲೂ ಇದೆ. ಅದನ್ನು ಕಡೆಗಣಿಸಬಾರದು, ಆದರೆ ಅದಕ್ಕೆ ಮದ್ದು ನೇಮಕಾತಿಯಲ್ಲಿ ತಾರತಮ್ಯ ಮಾಡುವವರನ್ನು ಹಿಡಿಯುವುದು.

ಈ ಯಾವ ಆದೇಶದ ಒಳಗೂ ಬಾರದವರು ಮನೆಗೆಲಸದವರು. ಅವರಿಗೆ 2004ರಲ್ಲೇ ಕನಿಷ್ಠ ಕೂಲಿ ಗೊತ್ತುಪಡಿಸಿದ ರಾಜ್ಯ ನಮ್ಮದು. ರಜೆ ಮಾತ್ರ ಆಯಾ ಮನೆಯ ಮರ್ಜಿ. ಎರಡು ದಿನ ಬಾರದಿದ್ದರೆ ಸಂಬಳದಲ್ಲಿ ವಜಾ. ಆದರೂ ಬೆಂಗಳೂರು, ಮೈಸೂರಿನ ಕೆಲವು ಮನೆಗಳಲ್ಲಿ ಸಂಬಳ ಮಾತಾಡುವಾಗಲೇ ರಜೆಯನ್ನೂ ಮಾತಾಡುತ್ತಾರೆ: ತಿಂಗಳಿಗೆ ನಾಲ್ಕು, ಊರ ಹಬ್ಬಕ್ಕೆ ಬೇರೆ, ಮಕ್ಕಳಿಗೆ ಹುಷಾರಿಲ್ಲದಿದ್ದರೆ ಫೋನು ಮಾಡಿದರೆ ಸಾಕು, ಹಣ ಮುರಿಯುವುದಿಲ್ಲ. ಅಂಥ ಮನೆಯಲ್ಲಿ ಕೆಲಸದವರು ಪಾತ್ರೆ ಬೋರಲು ಹಾಕುತ್ತ ‘ಅಕ್ಕಾ, ನಾಳೆ ನನ್ನ ರಜ’ ಎಂದು ಹೇಳಿ ಹೋಗುತ್ತಾರೆ, ಕೇಳುವುದಿಲ್ಲ.